ಲೈಟು ನೀರು ಸೇರಿ

ಕೋಡಿಬಾಗದಲ್ಲಿ ಎರಡು ಮನೆ ನೋಡಿದ್ದೆ.
ಒಂದರಲ್ಲಿ ಯಜಮಾನರು ಎಲ್ಲಿ ಎಂದರು,
ಇನ್ನೊಂದರಲ್ಲಿ, ರಾತ್ರಿ ಪಾಳಿ ಅಂದರೆ ಎಷ್ಟು ರಾತ್ರಿ ಎಂದರು.
ಕಾಜುಬಾಗದ ಮಂದಾಬಾಯಿ ಕೇಳಿದ್ದು ಒಂದೇ:
"ನಿನ್ನ ಹತ್ರ ಗೀಸರ್ ಉಂಟಾ?"

ಇಲ್ಲ ಅಂದೆ.
"ಹಾಗಾದ್ರೆ ಆರೂವರೆ ಸಾವಿರ. ಲೈಟು ನೀರು ಸೇರಿ."

ಸೇರಿ. ಎಷ್ಟು ಹಗುರ ಮಾತು.
ಮುಂಡಗೋಡದಿಂದ ತಂದ ಎರಡು ಬ್ಯಾಗು, ಒಂದು ಮಿಕ್ಸರು,
ಗುತ್ತಿಗೆ ಕೆಲಸ, ಹನ್ನೊಂದು ತಿಂಗಳ ಕರಾರು
ಎಲ್ಲ ಆ ಒಂದು ಪದದ ಮೇಲೆ ಹೇರಿ
ಮಹಡಿ ಮೆಟ್ಟಿಲು ಹತ್ತಿದೆ.

ಬೆಳಿಗ್ಗೆ ಎಂಟಕ್ಕೆ ಆಸ್ಪತ್ರೆಯ ಲ್ಯಾಬಿನಿಂದ ಬಂದು
ಹಗಲಿಡೀ ಮಲಗುವವಳ ಮೇಲೆ ತಿರುಗುವ ಫ್ಯಾನು
ಕೆಳಗಿನವಳ ದುಡ್ಡಿನಲ್ಲಿ ತಿರುಗುತ್ತದೆ
ಎಂದು ಗೊತ್ತಾಗಲು ಎರಡು ವಾರ ಬೇಕಾಯಿತು.
ಅವಳು ಏನೂ ಹೇಳುವುದಿಲ್ಲ.
ಮೆಟ್ಟಿಲ ಕೆಳಗೆ ಮೀಟರಿನ ಮುಂದೆ ನಿಂತು
ಕೆಂಪು ಚುಕ್ಕಿ ಮಿಟುಕುವುದನ್ನು ನೋಡುತ್ತಾಳೆ,
ಜ್ವರದ ಮಗುವನ್ನು ನೋಡುವ ಹಾಗೆ.
ನಾನು ಮಿಕ್ಸರು ಹಾಕಿದರೆ ಚುಕ್ಕಿಗೆ ಸನ್ನಿ.

ಇಡೀ ರಾತ್ರಿ ನಾನು ರಕ್ತದ ಕಣ ಎಣಿಸುತ್ತೇನೆ,
ಇಡೀ ಹಗಲು ಅವಳು ಯೂನಿಟ್ಟು.

ಮೇ ತಿಂಗಳಲ್ಲೂ ಫ್ಯಾನು ಎರಡಕ್ಕಿಂತ ಮೇಲೆ ಏರಿಸಲಿಲ್ಲ.
ಕಾಯಿ ರುಬ್ಬುವುದು ಬಿಟ್ಟು ತುರಿದೇ ಹಾಕಿದೆ.
ಫೋನಿಗೆ ಆಸ್ಪತ್ರೆಯಲ್ಲೇ ಚಾರ್ಜು ತುಂಬಿಸಿ ತರುತ್ತೇನೆ,
ಸರಕಾರದ ಮೀಟರಿನ ಮುಂದೆ ಯಾರೂ ನಿಂತಿರುವುದಿಲ್ಲ.
ಬಿಲ್ಲು ನನ್ನದೇ ಆಗಿದ್ದರೆ
ಇಷ್ಟು ಜುಗ್ಗಿ ನಾನಲ್ಲ.

ಒಂದು ಭಾನುವಾರ ಬಾಗಿಲು ತಟ್ಟಿದಳು.
ಕೈಯಲ್ಲಿ ತಿಸ್ರೆ ಸುಕ್ಕೆ, ಮೇಲೆ ಬಾಳೆಲೆ ಚೂರು.
"ಕಾಳಿ ಹೊಳೇದು, ಇವತ್ತಿನದು."
ಇದೂ ಸೇರಿಯಾ ಎಂದು ಕೇಳಲಿಲ್ಲ.
ತಟ್ಟೆ ತೊಳೆದು ಕೊಡಲು ಹೋದಾಗ
ಒಂದು ಹಿಡಿ ಸಕ್ಕರೆ ಹಾಕಿ ಕೊಟ್ಟೆ, ಖಾಲಿ ಕೊಡಬಾರದಲ್ಲ.

ಆಮೇಲೊಂದು ಸಂಜೆ ಕರೆಂಟು ಹೋಯಿತು.
"ಕೈಗಾ ಇಷ್ಟು ಹತ್ರ ಇದ್ದು ಏನು ಬಂತು" ಎನ್ನುತ್ತ
ಇಬ್ಬರೂ ಮೆಟ್ಟಿಲ ಮೇಲೆ ಕೂತೆವು, ಸೆಕೆಗೆ ಸೆರಗು ಬೀಸುತ್ತ.
ಅತ್ತೆಯ ಮಾತು ತೆಗೆದಳು.
ಅತ್ತೆ ಸೂಪಾದವಳು. ಮದುವೆಯಾಗಿ ಕಾರವಾರಕ್ಕೆ ಬಂದಳು,
ಹಿಂದಿನಿಂದ ತವರು ಅಣೆಕಟ್ಟಿನ ನೀರಿಗೆ ಹೋಯಿತು.
ಯಾರು ಸ್ವಿಚ್ಚು ಹಾಕಿದರೂ ಅವರ ಬೆನ್ನಿಗೇ ಹೋಗಿ
ಪಟ್ ಎಂದು ಆರಿಸುತ್ತಿದ್ದಳಂತೆ:
"ಸಾಕು, ನಮ್ಮ ಅಂಗಳ ಉರಿಸಬೇಡಿ."

"ನನ್ನದು ದುಡ್ಡಿನ ಲೆಕ್ಕ," ಎಂದಳು ಮಂದಾಬಾಯಿ,
"ಅವಳದ್ದು ಬೇರೆ. ಕೈ ಮಾತ್ರ ಅವಳದ್ದೇ ಬಂದಿದೆ."

ತೀರಿ ಒಂಬತ್ತು ವರ್ಷ. ಮೀಟರು ಇನ್ನೂ ಅವಳ ಹೆಸರಲ್ಲೇ.
ಬದಲಿಸಬೇಕೆಂದರೆ ಹೆಸ್ಕಾಂ ಆಫೀಸಿಗೆ ನಾಲ್ಕು ಸಲ,
ಮೈದುನನ ಸಹಿ, ಮೈದುನ ಮಡಗಾಂವಿನಲ್ಲಿ, ಮಾತಿಲ್ಲ.
ಪುಕ್ಕಟೆ ಕರೆಂಟಿಗೂ ಅರ್ಜಿ ಹಾಕಲಾಗಲಿಲ್ಲ,
ಹೋದವಳ ಆಧಾರಿಗೆ ಓಟಿಪಿ ಎಲ್ಲಿ ಬರುತ್ತದೆ?
ಅವಳು ನಕ್ಕಳು. ನಾನೂ.
ಅಷ್ಟರಲ್ಲಿ ಬೀದಿಯೆಲ್ಲ ಒಮ್ಮೆಲೇ ಬೆಳಗಿತು.
ಇಬ್ಬರೂ ಎದ್ದೆವು, ಆರಿಸಲು.

ಮಂದಾಬಾಯಿ ಕಣ್ಣಿನ ಪೊರೆ ತೆಗೆಸಲು
ಅಂಕೋಲೆಯ ತಂಗಿ ಮನೆಗೆ ಹೋದ ವಾರ
ಹನ್ನೊಂದು ಗಂಟೆಗೆ, ನನ್ನ ನಡುನಿದ್ದೆಯಲ್ಲಿ,
ಕೆಳಗಿನಿಂದ ಯಾರೋ ಕೂಗಿದರು:
"ಆನಂದಿ ವಿಠೋಬಾ ಕಲ್ಗುಟಕರ್!"

ಪಾಸಿಟಿವ್ ನೆಗೆಟಿವ್ ಎಂದು
ಊರ ಎಲ್ಲರ ಹೆಸರಿನ ಮುಂದೆ ಬರೆಯುವವಳು ನಾನು.
ಈ ಊರಲ್ಲಿ ನನ್ನ ಹೆಸರು ಕೂಗಿದವರಿಲ್ಲ,
ಮೇಲಿನವಳು, ಅಷ್ಟೇ.

"ಹಾಂ, ಬಂದೆ" ಎಂದೆ.

ಮೆಟ್ಟಿಲಿಳಿದೆ. ಹುಡುಗ ತಲೆಯೆತ್ತಲಿಲ್ಲ,
ಸೊಂಟದ ಯಂತ್ರದಿಂದ ಚೀಟಿ ಹರಿದು ಕೈಗಿಟ್ಟು
ಆಚೆ ಮನೆಗೆ ಹೋದ.
ಚೀಟಿ ಇನ್ನೂ ಬೆಚ್ಚಗಿತ್ತು.

ಮೇಲೆ, ಖಾಲಿ ಕೋಣೆಯಲ್ಲಿ,
ಫ್ಯಾನು ಆರಿಸದೇ ಬಂದಿದ್ದೆ.